ಘಟನೆ ನಡೆದ ಜಾಗ ಕಾಯುವುದು ಹೇಗೆ: ಮೊದಲು ತಲುಪುವ ಪೊಲೀಸರಿಗೆ ಹಂತ ಹಂತದ ಮಾರ್ಗದರ್ಶಿ

ಕೊಲೆ ಕೇಸು ಕೋರ್ಟಿಗೆ ಬಂದಾಗ ಪಾಟೀಸವಾಲಿನಲ್ಲಿ ತಪ್ಪದೆ ಬರುವ ಪ್ರಶ್ನೆ ಒಂದಿದೆ. "ನೀವು ಹೋಗುವ ಮೊದಲು ಆ ಕೋಣೆಯೊಳಗೆ ಯಾರ್ಯಾರು ಹೋಗಿದ್ದರು?" ಇದಕ್ಕೆ "ಜನ ಸೇರಿದ್ದರು, ಹೇಳೋಕಾಗಲ್ಲ" ಎಂಬ ಉತ್ತರ ಬಂದರೆ ಮುಂದಿನ ಸಾಕ್ಷ್ಯವೆಲ್ಲ ಅಲ್ಲಾಡುತ್ತದೆ. ಬೆರಳಚ್ಚು ಯಾರದ್ದು? ರಕ್ತದ ಹೆಜ್ಜೆ ಯಾರದ್ದು? ಬಾಗಿಲು ಮೊದಲೇ ತೆರೆದಿತ್ತಾ, ಆಮೇಲೆ ಯಾರೋ ತೆರೆದರಾ? ಮೊದಲ ಒಂದು ಗಂಟೆಯಲ್ಲಿ ಬರೆದಿಡದ್ದನ್ನು ಎರಡು ವರ್ಷ ಬಿಟ್ಟು ಯಾರಿಂದಲೂ ಹೇಳಲಾಗುವುದಿಲ್ಲ.

ಈ ಬರಹ ಬೀಟ್ ಕಾನ್‌ಸ್ಟೇಬಲ್‌ಗಳಿಗೆ, 112 ವಾಹನದ ಸಿಬ್ಬಂದಿಗೆ, ಹೊಸದಾಗಿ ಠಾಣೆಗೆ ಬಂದ ಪಿಎಸ್‌ಐಗಳಿಗೆ. ಹಳದಿ ಟೇಪು ಎಲ್ಲರಿಗೂ ಗೊತ್ತು. ಆದರೂ ಜಾಗ ಕೆಡುತ್ತಲೇ ಇದೆ. ಊರ ಜನರನ್ನು ತಡೆಯುವುದು ಅಷ್ಟೇನೂ ಕಷ್ಟವಲ್ಲ. ಕೆಲಸವಿಲ್ಲದಿದ್ದರೂ ಒಳಗೆ ಇಣುಕಲು ಬರುವ ಇಲಾಖೆಯವರನ್ನು, ಮುಖಂಡರನ್ನು, ಪರಿಚಯದವರನ್ನು ತಡೆಯುವುದು ಕಷ್ಟ. ಅದಕ್ಕೇ ಒಳಗೆ ಹೋಗಿ ಬಂದವರನ್ನೆಲ್ಲ ಬರೆದಿಡುವ ಪ್ರವೇಶ ಪುಸ್ತಕದ ಬಗ್ಗೆ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಕಾನೂನಿನಲ್ಲೂ ಒಂದು ಬದಲಾವಣೆ ಆಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಸೆಕ್ಷನ್ 176(3)ರ ಪ್ರಕಾರ, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಆಗಬೇಕು. ಇದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷದ ಅವಕಾಶ ಇದೆ. ತಜ್ಞರು ಬರುವುದು ತಡವಾಗಬಹುದು. ಅವರು ಬರುವವರೆಗೆ ಜಾಗ ಇದ್ದಂತೆಯೇ ಇರಬೇಕು. ಆ ನಡುವಿನ ಹೊತ್ತು ಪೂರ್ತಿ ನಿಮ್ಮ ಕೈಯಲ್ಲಿದೆ.

ಹೊರಡುವ ಮೊದಲು: ಬ್ಯಾಗಿನಲ್ಲಿ ಏನಿರಬೇಕು

ವಾಹನದಲ್ಲಿ ಒಂದು ಬ್ಯಾಗ್ ಸದಾ ಸಿದ್ಧ ಇರಲಿ. ಪೊಲೀಸ್ ಟೇಪು, ಹತ್ತಿಪ್ಪತ್ತು ಮೀಟರ್ ಹಗ್ಗ, ಗ್ಲೌಸ್, ಮಾಸ್ಕ್, ಶೂ ಕವರ್, ಒಳ್ಳೆಯ ಟಾರ್ಚ್, ಸೀಮೆಸುಣ್ಣ, ಅಳತೆ ಟೇಪು, ಕಂದು ಪೇಪರ್ ಕವರ್‌ಗಳು, ಒಂದು ಟಾರ್ಪಾಲು, ಎರಡು ಪ್ಲಾಸ್ಟಿಕ್ ಟಬ್, ಪವರ್ ಬ್ಯಾಂಕ್. ಜೊತೆಗೆ ಪುಟದ ಸಂಖ್ಯೆ ಹಾಕಿದ, ಹೊಲಿದ ನೋಟ್‌ಬುಕ್ ಒಂದು, ಬಾಲ್‌ಪೆನ್ ಎರಡು. ಬಿಡಿ ಹಾಳೆ ಬೇಡ. ಹಾಳೆ ಬದಲಾಯಿಸಿದ್ದೀರಿ ಎಂಬ ಅನುಮಾನಕ್ಕೆ ಅದೇ ದಾರಿ ಮಾಡಿಕೊಡುತ್ತದೆ.

ಶೂ ಕವರ್ ಸಿಗದಿದ್ದರೆ ಸ್ವಚ್ಛವಾದ ಪ್ಲಾಸ್ಟಿಕ್ ಕವರನ್ನೇ ಕಾಲಿಗೆ ಕಟ್ಟಿಕೊಳ್ಳಿ. ಏನೂ ಇಲ್ಲ ಅಂದರೆ ನಿಮ್ಮ ಶೂ ತಳದ ಫೋಟೊ ತೆಗೆದಿಡಿ. ಆಮೇಲೆ ಸಿಕ್ಕ ಹೆಜ್ಜೆ ಗುರುತುಗಳಲ್ಲಿ ನಿಮ್ಮದನ್ನು ಬೇರ್ಪಡಿಸಲು ಅದು ಬೇಕಾಗುತ್ತದೆ.

ಹಂತ 1: ಕರೆಯಿಂದ ಬಾಗಿಲವರೆಗೆ

ಕರೆ ಬಂದ ಸಮಯ, ಯಾರಿಂದ ಬಂತು, ಏನು ಹೇಳಿದರು ಎಂದು ಹೊರಡುವ ಮೊದಲೇ ಬರೆದುಕೊಳ್ಳಿ. ಕರೆ ಮಾಡಿದವರಿಗೆ ಫೋನಿನಲ್ಲೇ ಹೇಳಿ: "ಯಾರನ್ನೂ ಒಳಗೆ ಬಿಡಬೇಡಿ, ಏನನ್ನೂ ಮುಟ್ಟಬೇಡಿ, ನೀರು ಹಾಕಬೇಡಿ, ನಾವು ಬರೋವರೆಗೆ ಬಾಗಿಲಲ್ಲೇ ನಿಂತಿರಿ." ಈ ಒಂದು ಮಾತು ಎಷ್ಟೋ ಜಾಗಗಳನ್ನು ಉಳಿಸುತ್ತದೆ. ಆದರೆ ಹೇಳುವವರು ಕಡಿಮೆ.

ಜೀಪನ್ನು ಮನೆ ಬಾಗಿಲಿಗೆ ಒಯ್ಯಬೇಡಿ. ಮಣ್ಣಿನ ರಸ್ತೆಯಲ್ಲಿ ಟೈರ್ ಗುರುತು ಇರಬಹುದು. ಸ್ವಲ್ಪ ದೂರದಲ್ಲೇ ನಿಲ್ಲಿಸಿ ನಡೆದು ಹೋಗಿ. ಹೋಗುತ್ತಾ ಎದುರಿಗೆ ಸಿಕ್ಕ ವಾಹನಗಳ ನಂಬರ್, ಆತುರದಲ್ಲಿ ಹೊರಡುತ್ತಿರುವ ಜನರನ್ನು ಗಮನಿಸಿ.

ಬಾಗಿಲಲ್ಲಿ ಒಂದು ಕ್ಷಣ ನಿಲ್ಲಿ. ಮೂಗು ಮತ್ತು ಕಿವಿ ಮೊದಲು ಕೆಲಸ ಮಾಡಲಿ. ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟಬೇಡಿ, ಇರುವ ಲೈಟು ಆರಿಸಲೂ ಬೇಡಿ. ನೆಲ ಒದ್ದೆ ಇದ್ದು ವೈರ್ ಕಂಡರೆ ವಿದ್ಯುತ್ ಕಂಪನಿಯವರು ಲೈನ್ ತೆಗೆಸುವವರೆಗೆ ಯಾರೂ ಕಾಲಿಡಬಾರದು. ಕ್ರಿಮಿನಾಶಕದ ಗಾಟು ಇದ್ದರೆ ಬರಿಗೈಯಲ್ಲಿ ದೇಹ, ಬಟ್ಟೆ, ವಾಂತಿ ಮುಟ್ಟಬಾರದು, ಅದು ಚರ್ಮದಿಂದಲೂ ಒಳಗೆ ಇಳಿಯುತ್ತದೆ. ಸ್ಫೋಟಕದ ಅನುಮಾನ ಇದ್ದರೆ ಜನರನ್ನು ದೂರ ಕಳಿಸಿ, ಬಾಂಬ್ ನಿಷ್ಕ್ರಿಯ ದಳ ಬರುವವರೆಗೆ ಒಳಗೆ ಹೋಗಬೇಡಿ. ವೈರ್‌ಲೆಸ್, ಮೊಬೈಲ್ ಬಳಸುವುದೂ ದೂರ ಹೋಗಿಯೇ.

ಹಂತ 2: ಜೀವ ಮೊದಲು, ಸಾಕ್ಷ್ಯ ಆಮೇಲೆ

ಬದುಕಿರುವ ಸಾಧ್ಯತೆ ಸ್ವಲ್ಪವಾದರೂ ಇದ್ದರೆ ಜಾಗ ಕೆಡುತ್ತದೆ ಎಂದು ನಿಲ್ಲಬೇಡಿ. 108ಕ್ಕೆ ಕರೆ ಮಾಡಿ. ಒಬ್ಬರೇ ಒಳಗೆ ಹೋಗಿ, ಹೋದ ದಾರಿಯಲ್ಲೇ ವಾಪಸ್ ಬನ್ನಿ. ಆಂಬುಲೆನ್ಸಿನವರನ್ನೂ ಅದೇ ದಾರಿಯಲ್ಲಿ ಕರೆದುಕೊಂಡು ಹೋಗಿ. ಅವರು ಎತ್ತುವ ಮೊದಲು ಎರಡು ಫೋಟೊ ತೆಗೆಯುವಷ್ಟು ಸಮಯ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಬಿಡಿ. ಆದರೆ ತಲೆ ಯಾವ ದಿಕ್ಕಿಗಿತ್ತು, ಕೈ ಎಲ್ಲಿತ್ತು, ಅವರು ಏನೇನು ಸರಿಸಿದರು ಎಂದು ಕೂಡಲೇ ಬರೆಯಿರಿ.

ನೇಣಿನ ಕೇಸಿನಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತದೆ. ಬದುಕಿಸುವ ಆತುರದಲ್ಲಿ ಗಂಟನ್ನೇ ಬಿಚ್ಚುತ್ತಾರೆ. ಗಂಟು ತನಿಖೆಗೆ ಬೇಕೇ ಬೇಕು. ದೇಹವನ್ನು ಕೆಳಗಿನಿಂದ ಹಿಡಿದು, ಗಂಟಿನಿಂದ ದೂರದಲ್ಲಿ ಹಗ್ಗ ಕತ್ತರಿಸಿ. ಕತ್ತರಿಸಿದ ಎರಡೂ ತುದಿಗೆ ಗುರುತು ಹಾಕಿ. ಜೀವ ಹೋಗಿ ಬಹಳ ಹೊತ್ತಾಗಿದೆ ಎಂಬುದು ಸ್ಪಷ್ಟವಿದ್ದರೆ ಇಳಿಸಲೇಬೇಡಿ.

ಗಾಯಾಳುವಿನ ಜೊತೆ ಒಬ್ಬ ಸಿಬ್ಬಂದಿ ಆಸ್ಪತ್ರೆಗೆ ಹೋಗಲೇಬೇಕು. ಗಾಯಾಳು ಏನಾದರೂ ಹೇಳಿದರೆ ಅವರ ಮಾತಿನಲ್ಲೇ, ಅವರ ಆಡುಭಾಷೆಯಲ್ಲೇ ಬರೆಯಿರಿ, ತಿದ್ದಬೇಡಿ. ಅವರು ತೀರಿಕೊಂಡರೆ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 26ರ ಅಡಿ ಮರಣಪೂರ್ವ ಹೇಳಿಕೆ ಆಗಬಹುದು. ಡಾಕ್ಟರಿಗೆ, ನರ್ಸ್‌ಗೆ ಮೊದಲೇ ಹೇಳಿ: ಬಟ್ಟೆ ಎಸೆಯಬೇಡಿ, ಗಾಯದ ತೂತಿನ ಮೇಲೆ ಕತ್ತರಿ ಹಾಕಬೇಡಿ. ರಕ್ತದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೆವತು ಕೊಳೆಯುತ್ತದೆ. ಪೇಪರ್ ಕವರೇ ಬೇಕು.

ಹಂತ 3: ಒಳಗಿರುವವರನ್ನು ಹೊರಗೆ ತರುವುದು

ನೀವು ತಲುಪುವ ಹೊತ್ತಿಗೆ ಮನೆಯೊಳಗೆ ಹತ್ತು ಜನ ಇರುತ್ತಾರೆ. ಗದರಿಸಿದರೆ ಎಲ್ಲರೂ ಒಟ್ಟಿಗೆ ಎದ್ದು ಬೇರೆ ಬೇರೆ ದಿಕ್ಕಿಗೆ ಓಡುತ್ತಾರೆ, ಎಲ್ಲವನ್ನೂ ತುಳಿಯುತ್ತಾರೆ. ಬಾಗಿಲಲ್ಲಿ ನಿಂತು ಮೆಲ್ಲಗೆ ಒಬ್ಬೊಬ್ಬರನ್ನೇ ಕರೆಯಿರಿ. ಹೊರಗೆ ಬಂದವರ ಹೆಸರು, ಫೋನ್ ನಂಬರ್, ಏನು ಮುಟ್ಟಿದರು ಎಂದು ಅಲ್ಲೇ ಕೇಳಿ. ಮೊದಲು ನೋಡಿದವರನ್ನು, ಸಂಬಂಧಿಕರನ್ನು, ಅನುಮಾನ ಇರುವವರನ್ನು ಬೇರೆ ಬೇರೆ ಕಡೆ ಕೂರಿಸಿ. ಒಂದೇ ಜಗಲಿಯಲ್ಲಿ ಕೂತರೆ ಅರ್ಧ ಗಂಟೆಯಲ್ಲಿ ಎಲ್ಲರ ಹೇಳಿಕೆಯೂ ಒಂದೇ ಆಗುತ್ತದೆ.

ಸಾವಾದ ಮನೆಯ ಪದ್ಧತಿಗಳನ್ನು ತರಬೇತಿಯಲ್ಲಿ ಹೇಳಿಕೊಡುವುದು ಕಡಿಮೆ. ತಲೆಯ ಹತ್ತಿರ ದೀಪ ಹಚ್ಚುತ್ತಾರೆ. ಬಾಯಿಗೆ ನೀರು ಬಿಡುತ್ತಾರೆ. ಮುಖ ಒರೆಸುತ್ತಾರೆ, ಕಣ್ಣು ಮುಚ್ಚುತ್ತಾರೆ, ಹಣೆಗೆ ಕುಂಕುಮ ಇಡುತ್ತಾರೆ. ಬೆಡ್‌ಶೀಟ್ ಹೊದಿಸುತ್ತಾರೆ. ರಕ್ತ ಕಂಡರೆ ನೀರು ಹಾಕಿ ತೊಳೆದು ಸೆಗಣಿ ಸಾರಿಸುತ್ತಾರೆ. ಇದರಲ್ಲಿ ಯಾರದ್ದೂ ಕೆಟ್ಟ ಉದ್ದೇಶ ಇಲ್ಲ, ಅದು ಪ್ರೀತಿ. ಆದ್ದರಿಂದ ಮನೆಯ ಹಿರಿಯರೊಬ್ಬರನ್ನು ಪಕ್ಕಕ್ಕೆ ಕರೆದು ಹೇಳಿ: "ಅಮ್ಮಾ, ಯಾರು ಹೀಗೆ ಮಾಡಿದರು ಅಂತ ಗೊತ್ತಾಗಬೇಕಲ್ವಾ? ಅಲ್ಲಿವರೆಗೆ ಯಾರೂ ಮುಟ್ಟದ ಹಾಗೆ ನೀವೇ ನೋಡಿಕೊಳ್ಳಿ. ಆಮೇಲೆ ಎಲ್ಲಾ ಕಾರ್ಯ ನಿಮಗೇ ಬಿಡ್ತೀವಿ." ಹಿರಿಯರು ಒಪ್ಪಿದರೆ ಉಳಿದವರು ಕೇಳುತ್ತಾರೆ. ದೀಪ ಹಚ್ಚಲೇಬೇಕು ಎಂದರೆ ಗಡಿಯ ಹೊರಗೆ ಒಂದು ಜಾಗ ತೋರಿಸಿ.

ಬೇಕೆಂದೇ ಸಾಕ್ಷ್ಯ ಅಳಿಸುವವರ ವಿಷಯ ಬೇರೆ. ಅಪರಾಧಿಯನ್ನು ಉಳಿಸುವ ಉದ್ದೇಶದಿಂದ ಸಾಕ್ಷ್ಯ ನಾಶ ಮಾಡಿದರೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಸೆಕ್ಷನ್ 238 ಅನ್ವಯಿಸುತ್ತದೆ. ಗೊತ್ತಿಲ್ಲದೆ ನೆಲ ಒರೆಸಿದ ಅಜ್ಜಿಗೆ ಈ ಸೆಕ್ಷನ್ ಹೇಳಿ ಹೆದರಿಸಬೇಡಿ. ಹೆದರಿದರೆ ಅವರು "ನಾನು ಒರೆಸಿಲ್ಲ" ಎನ್ನುತ್ತಾರೆ. ಆಗ ನಿಮಗೆ ನಿಜ ಗೊತ್ತಾಗುವ ದಾರಿಯೇ ಮುಚ್ಚುತ್ತದೆ.

ಹಂತ 4: ಗಡಿ ಹಾಕುವುದು

ಗಡಿ ದೊಡ್ಡದಾಗಿಯೇ ಹಾಕಿ. ಆಮೇಲೆ ಚಿಕ್ಕದು ಮಾಡಬಹುದು. ಚಿಕ್ಕದಾಗಿ ಹಾಕಿ ಆಮೇಲೆ ದೊಡ್ಡದು ಮಾಡಿದರೆ, ಹೊಸದಾಗಿ ಸೇರಿದ ಜಾಗವನ್ನು ಆಗಲೇ ನೂರು ಜನ ತುಳಿದಿರುತ್ತಾರೆ.

ಸಾಧ್ಯವಾದರೆ ಮೂರು ವಲಯ ಮಾಡಿ. ಒಳಗಿನದು ದೇಹ, ರಕ್ತ, ಆಯುಧ ಇರುವ ಜಾಗ. ಅಲ್ಲಿ ತಜ್ಞರಿಗೆ, ತನಿಖಾಧಿಕಾರಿಗೆ ಮಾತ್ರ ಪ್ರವೇಶ. ನಡುವಿನದು ಅಧಿಕಾರಿಗಳು ನಿಂತು ಮಾತಾಡುವ, ಸಾಮಾನು ಇಡುವ, ಗ್ಲೌಸ್ ಹಾಕಿಕೊಳ್ಳುವ ಜಾಗ. ಅದರ ಹೊರಗೆ ಜನ, ವಾಹನ, ಕ್ಯಾಮೆರಾಗಳು. ನಡುವಿನ ವಲಯ ಬಿಟ್ಟುಬಿಡುವುದು ದೊಡ್ಡ ತಪ್ಪು. ಬಂದವರಿಗೆ ನಿಲ್ಲಲು ಜಾಗ ಕೊಡದಿದ್ದರೆ ಅವರು ಒಳಗೇ ನಿಲ್ಲುತ್ತಾರೆ.

ಗಡಿಯೊಳಗೆ ಏನೇನು ಬರಬೇಕು? ಆರೋಪಿ ಬಂದಿರಬಹುದಾದ ದಾರಿ, ಹೋಗಿರಬಹುದಾದ ದಾರಿ, ಕೈ ತೊಳೆದಿರಬಹುದಾದ ನಲ್ಲಿ, ಏನಾದರೂ ಎಸೆದಿರಬಹುದಾದ ಕಡೆ. ಮನೆಯಾದರೆ ಹಿತ್ತಲು, ಬಚ್ಚಲು, ಮೆಟ್ಟಿಲು, ತಾರಸಿ, ನೀರಿನ ಟ್ಯಾಂಕು, ಕಸದ ಡಬ್ಬಿ. ಹೊಲವಾದರೆ ಬದು, ಪಂಪ್‌ಸೆಟ್ ಮನೆ, ಬಾವಿ ಕಟ್ಟೆ, ಕಾಲುದಾರಿ. ಅಪಾರ್ಟ್‌ಮೆಂಟಾದರೆ ಲಿಫ್ಟು, ಮೆಟ್ಟಿಲು, ಪಾರ್ಕಿಂಗ್, ಸೆಕ್ಯುರಿಟಿ ರಿಜಿಸ್ಟರು. ಲಿಫ್ಟನ್ನು ಮರೆಯುವವರೇ ಜಾಸ್ತಿ. ಎಲ್ಲರೂ ಅದರ ಬಟನ್ ಒತ್ತುತ್ತಲೇ ಇರುತ್ತಾರೆ.

ತಾರಸಿಯನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2008ರ ಆರುಷಿ ಪ್ರಕರಣ ನೋಡಿ. ಮೇ 16ರ ಬೆಳಿಗ್ಗೆ ನೋಯ್ಡಾದ ಫ್ಲ್ಯಾಟಿನ ಕೋಣೆಯಲ್ಲಿ ಆರುಷಿ ಎಂಬ ಹುಡುಗಿಯ ಶವ ಸಿಕ್ಕಿತು. ಮನೆಗೆಲಸದ ಹೇಮರಾಜ್ ಕಾಣೆಯಾಗಿದ್ದರು. ಅನುಮಾನ ಅವರ ಮೇಲೇ ಹೋಯಿತು. ತಾರಸಿಯ ಬಾಗಿಲಿಗೆ ಬೀಗ ಇತ್ತು, ಅಂದು ಅದನ್ನು ತೆರೆಯಲಿಲ್ಲ. ಮರುದಿನ ಹೇಮರಾಜ್ ಶವ ಅದೇ ತಾರಸಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ನೆಂಟರು, ನೆರೆಯವರು, ಮಾಧ್ಯಮದವರು ಫ್ಲ್ಯಾಟಿನೊಳಗೆಲ್ಲ ಓಡಾಡಿದ್ದರು. ಕೆಳ ಕೋರ್ಟಿನಲ್ಲಿ ಶಿಕ್ಷೆಯಾಗಿದ್ದ ತಂದೆ ತಾಯಿಯನ್ನು 2017ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಬಿಡುಗಡೆ ಮಾಡಿತು. ಬೀಗ ಹಾಕಿದ ಬಾಗಿಲು ಕಂಡರೆ ಕೀ ಹುಡುಕಿ. ಸಿಗದಿದ್ದರೆ ತನಿಖಾಧಿಕಾರಿಗೆ ಹೇಳಿ, ಪಂಚರ (ಸಾಕ್ಷಿಗಳಾಗಿ ಕರೆಸಿದವರ) ಮುಂದೆ, ವಿಡಿಯೊ ಮಾಡುತ್ತಾ ಬೀಗ ಒಡೆಯಿರಿ. "ನಾಳೆ ನೋಡೋಣ" ಎಂದು ಯಾವ ಬಾಗಿಲನ್ನೂ ಬಿಡಬೇಡಿ.

ಬರೀ ಟೇಪಿಗೆ ಜನ ನಿಲ್ಲುವುದಿಲ್ಲ, ಕೈಯಲ್ಲಿ ಎತ್ತಿ ಒಳಗೆ ಬರುತ್ತಾರೆ. ಹಗ್ಗ, ಬ್ಯಾರಿಕೇಡ್, ಅಡ್ಡ ನಿಲ್ಲಿಸಿದ ಜೀಪು, ಅದರ ಜೊತೆಗೊಬ್ಬ ಮನುಷ್ಯ ಬೇಕು. ಟೇಪನ್ನು ಕಿಟಕಿಯ ಕಂಬಿಗೆ, ಬಾಗಿಲ ಹಿಡಿಗೆ ಕಟ್ಟಬೇಡಿ, ಅಲ್ಲಿ ಬೆರಳಚ್ಚು ಇರಬಹುದು.

ಇಬ್ಬರೇ ಇದ್ದಾಗ

ಪುಸ್ತಕಗಳಲ್ಲಿ ಎಂಟು ಹತ್ತು ಜನರ ತಂಡ ಇರುತ್ತದೆ. ತಾಲೂಕಿನ ಠಾಣೆಯಿಂದ ರಾತ್ರಿ ಹೋಗುವವರು ಇಬ್ಬರೇ. ಆಗ ಹೀಗೆ ಮಾಡಿ. ಒಬ್ಬರು ಒಳಗೆ ಹೋಗಿ ಜೀವ ಇದೆಯೇ, ಆರೋಪಿ ಅಡಗಿದ್ದಾನೆಯೇ ಎಂದು ನೋಡಿ ಹೊರಬರಲಿ. ಇನ್ನೊಬ್ಬರು ಅಷ್ಟರಲ್ಲಿ ಜನರನ್ನು ಹಿಂದೆ ಸರಿಸಲಿ. ನಂತರ ಒಬ್ಬರು ಮುಂಬಾಗಿಲಲ್ಲಿ ಪುಸ್ತಕ ಹಿಡಿದು ನಿಲ್ಲಲಿ, ಆ ಜಾಗ ಬಿಟ್ಟು ಕದಲಬಾರದು. ಇನ್ನೊಬ್ಬರು ಹಿಂಬಾಗಿಲು ಕಾಯುತ್ತಾ ಕಂಟ್ರೋಲ್ ರೂಂ, ಮೇಲಧಿಕಾರಿ, ಸಿಸಿಟಿವಿ ಇರುವ ಅಂಗಡಿಯವರನ್ನು ಫೋನಿನಲ್ಲೇ ಹಿಡಿಯಲಿ.

ಊರಿನ ನಂಬಿಕಸ್ಥ ಇಬ್ಬರನ್ನು ಹೊರಗಡೆ ರಸ್ತೆಯಲ್ಲಿ ಜನರನ್ನು ತಡೆಯಲು ನಿಲ್ಲಿಸಬಹುದು. ಒಳವಲಯದ ಬಾಗಿಲಿಗೆ ಮಾತ್ರ ಸಾರ್ವಜನಿಕರನ್ನು ಕಾವಲಿಡಬೇಡಿ. ಅವರ ಪರಿಚಯದವರನ್ನು ಅವರು ತಡೆಯಲಾರರು. ನಾಳೆ ಅವರೇ ಸಾಕ್ಷಿಯೋ ಆರೋಪಿಯೋ ಆಗಬಹುದು.

ಹಂತ 5: ನಡೆಯಲು ಒಂದೇ ದಾರಿ

ಬಾಗಿಲಿನಿಂದ ದೇಹದವರೆಗೆ ಎಲ್ಲರೂ ನಡೆಯುವ ದಾರಿ ಒಂದೇ ಇರಲಿ. ಆರೋಪಿ ನಡೆದಿರುವ ಸಾಧ್ಯತೆ ಕಡಿಮೆ ಇರುವ ಕಡೆ ಆರಿಸಿ, ಹೆಚ್ಚಾಗಿ ಗೋಡೆಯ ಪಕ್ಕ. ಟಾರ್ಚನ್ನು ನೆಲಕ್ಕೆ ಹತ್ತಿರ ಹಿಡಿದು ಅಡ್ಡಡ್ಡವಾಗಿ ಬೆಳಕು ಬಿಡಿ. ನೇರ ಬೆಳಕಿನಲ್ಲಿ ಕಾಣದ ಹೆಜ್ಜೆ ಗುರುತು ಹೀಗೆ ನೋಡಿದರೆ ಎದ್ದು ಕಾಣುತ್ತದೆ. ಗುರುತಿಲ್ಲದ ಕಡೆ ಸೀಮೆಸುಣ್ಣದಲ್ಲಿ ಎರಡು ಗೆರೆ ಹಾಕಿ. ಗೆರೆ ದಾಟಿ ಕಾಲಿಡುವಂತಿಲ್ಲ, ಅದು ಯಾರೇ ಆಗಲಿ.

ಒಳಗಿನ ನಲ್ಲಿ, ಶೌಚಾಲಯ, ಫ್ಯಾನು, ಕುರ್ಚಿ, ಫೋನು ಯಾವುದನ್ನೂ ಬಳಸಬೇಡಿ. ಕಾಫಿ, ಗುಟ್ಕಾ, ಬೀಡಿ ಎಲ್ಲ ಹೊರವಲಯದಲ್ಲೇ. ಬಿದ್ದ ಬೀಡಿ ತುಂಡು ಪೊಲೀಸರದ್ದೋ ಆರೋಪಿಯದ್ದೋ ಎಂದು ತಿಳಿಯಲು ಪ್ರಯೋಗಾಲಯದವರು ಸುಮ್ನೆ ಹೆಣಗಬೇಕಾಗುತ್ತದೆ.

ಹಂತ 6: ಒಂದು ಬಾಗಿಲು, ಒಂದು ಪುಸ್ತಕ

ಒಳಗೆ ಹೋಗುವುದಕ್ಕೂ ಬರುವುದಕ್ಕೂ ಒಂದೇ ಬಾಗಿಲು. ಅಲ್ಲಿ ಒಬ್ಬರು, ಅವರ ಕೈಯಲ್ಲಿ ಪುಸ್ತಕ. ಮೊದಲ ಪುಟದಲ್ಲಿ ಸ್ಥಳ, ದಿನಾಂಕ, ಪುಸ್ತಕ ಶುರುವಾದ ಸಮಯ, ಬರೆಯುವವರ ಹೆಸರು ಮತ್ತು ನಂಬರ್. ಅದರ ಕೆಳಗೆ, ಪುಸ್ತಕ ಶುರುವಾಗುವ ಮೊದಲೇ ಒಳಗೆ ಹೋಗಿದ್ದವರ ಪಟ್ಟಿ. ಈ ಪಟ್ಟಿಯನ್ನು ಯಾರೂ ಬರೆಯುವುದಿಲ್ಲ. ಪಾಟೀಸವಾಲಿನ ಆ ಪ್ರಶ್ನೆಗೆ ಉತ್ತರ ಇರುವುದು ಇದರಲ್ಲೇ. ಮನೆಯವರು, ನೆರೆಯವರು, ಆಂಬುಲೆನ್ಸಿನವರು, ಮೊದಲು ಹೋದ ನೀವು, ಎಲ್ಲರ ಹೆಸರೂ ಬರಲಿ.

ಆಮೇಲೆ ಪ್ರತಿ ಪ್ರವೇಶಕ್ಕೂ ಒಂದು ಸಾಲು: ಕ್ರಮ ಸಂಖ್ಯೆ, ಹೆಸರು, ಹುದ್ದೆ, ಠಾಣೆ ಅಥವಾ ಇಲಾಖೆ, ಒಳಗೆ ಹೋದ ಸಮಯ, ಕಾರಣ, ಯಾರ ಅನುಮತಿ, ಗ್ಲೌಸ್ ಮತ್ತು ಶೂ ಕವರ್ ಇತ್ತೇ, ಹೊರಬಂದ ಸಮಯ, ಏನು ಮುಟ್ಟಿದರು, ಸಹಿ. ಒಂದು ಸಾಲು ಹೀಗಿರಬಹುದು: "4. ಪಿಎಸ್‌ಐ, ಹೆಸರು, ಠಾಣೆ. ಒಳಗೆ 7.42. ಮೊದಲ ಪರಿಶೀಲನೆ. ಇನ್‌ಸ್ಪೆಕ್ಟರ್ ಅನುಮತಿ. ಗ್ಲೌಸ್, ಶೂ ಕವರ್ ಇತ್ತು. ಹೊರಗೆ 7.51. ಹಿಂಬಾಗಿಲ ಚಿಲಕ ಮುಟ್ಟಿದ್ದಾರೆ. ಸಹಿ."

"ಏನು ಮುಟ್ಟಿದರು" ಎಂಬ ಕಾಲಂ ತುಂಬುವಾಗ ಬಂದವರಿಗೆ ಮುಜುಗರ ಆಗುತ್ತದೆ. ಆದರೂ ಕೇಳಲೇಬೇಕು. ಈ ಕಾಲಂ ಇದೆ ಎಂದು ಗೊತ್ತಿದ್ದರೆ ಒಳಗೆ ಹೋದವರು ಕೈ ಹಿಂದೆ ಕಟ್ಟಿಕೊಂಡೇ ಓಡಾಡುತ್ತಾರೆ.

ತಪ್ಪು ಬರೆದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ. ವೈಟ್ನರ್ ಬೇಡ. ಪಂಚರು, ಫೋಟೊಗ್ರಾಫರ್, ಶವ ಸಾಗಿಸುವವರು, ಶ್ವಾನದಳದವರು ಎಲ್ಲರೂ ಬರೆಸಲಿ. ಬರೆಯುವವರು ಬದಲಾದರೆ "ಈ ಸಮಯಕ್ಕೆ ಒಪ್ಪಿಸಿದೆ, ವಹಿಸಿಕೊಂಡೆ" ಎಂದು ಇಬ್ಬರೂ ಸಹಿ ಮಾಡಿ. ಮೂತ್ರಕ್ಕೆ ಹೋಗಬೇಕಾದರೂ ಬೇರೊಬ್ಬರು ಬಂದು ನಿಂತ ಮೇಲೆ ಹೋಗಿ.

ಪುಸ್ತಕ ಕೆಡುತ್ತಿರುವ ಲಕ್ಷಣಗಳು ಇವು. ಸಮಯವೆಲ್ಲ 7.00, 7.30, 8.00 ಎಂದು ಗುಂಡಾಗಿ ಬರುತ್ತಿದ್ದರೆ ಆಮೇಲೆ ಕೂತು ತುಂಬಿದ್ದಾರೆ ಎಂದರ್ಥ. ಒಳಗೆ ಹೋದ ಸಮಯ ಇದೆ, ಹೊರಬಂದ ಸಮಯ ಇಲ್ಲ. ಕಾರಣದ ಕಾಲಂನಲ್ಲಿ ಬರೀ "ವೀಕ್ಷಣೆ" ಎಂದಿದೆ. ಟಿವಿಯಲ್ಲಿ ಒಳಗೆ ಕಂಡ ಅಧಿಕಾರಿ ಪುಸ್ತಕದಲ್ಲಿ ಇಲ್ಲ. ಈ ಕೊನೆಯದನ್ನು ವಕೀಲರು ಖಂಡಿತ ಹಿಡಿಯುತ್ತಾರೆ.

ಹಂತ 7: ಹಿರಿಯ ಅಧಿಕಾರಿ, ಮುಖಂಡರು, ಕ್ಯಾಮೆರಾ

ಕಾನ್‌ಸ್ಟೇಬಲ್ ಒಬ್ಬರು ಡಿವೈಎಸ್‌ಪಿಯನ್ನೋ ಎಸ್ಪಿಯನ್ನೋ ತಡೆಯುವುದು ಹೇಗೆ? ಇದಕ್ಕೆ ಧೈರ್ಯಕ್ಕಿಂತ ಮೊದಲೇ ಮಾಡಿಕೊಂಡ ಏರ್ಪಾಡು ಬೇಕು. ತನಿಖಾಧಿಕಾರಿ ಪುಸ್ತಕದ ಮೊದಲ ಪುಟದಲ್ಲೇ "ನನ್ನ ಅನುಮತಿ ಇಲ್ಲದೆ ಯಾರೂ ಒಳವಲಯಕ್ಕೆ ಹೋಗುವಂತಿಲ್ಲ" ಎಂದು ಬರೆದು ಸಹಿ ಮಾಡಲಿ. ಆಗ ಕಾನ್‌ಸ್ಟೇಬಲ್ ತನ್ನ ಮಾತು ಹೇಳುತ್ತಿಲ್ಲ, ಬರೆದ ಆದೇಶ ತೋರಿಸುತ್ತಿದ್ದಾರೆ. ಸೆಲ್ಯೂಟ್ ಮಾಡಿ ಹೀಗೆ ಹೇಳಿ: "ಸರ್, ತಜ್ಞರು ಇನ್ನೂ ಬಂದಿಲ್ಲ. ವಿಡಿಯೊ ಇಲ್ಲೇ ತೋರಿಸ್ತೀವಿ. ಒಳಗೆ ಹೋಗೋದಾದ್ರೆ ಇಲ್ಲಿ ಸಹಿ ಮಾಡಿ, ಇದು ಶೂ ಕವರ್ ಸರ್."

ಹಿರಿಯ ಅಧಿಕಾರಿಗಳು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ನಿಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ ಹೆಸರು ಬರೆದುಕೊಂಡ ಕಾನ್‌ಸ್ಟೇಬಲ್‌ಗೆ ಎಲ್ಲರ ಎದುರೇ ಶಹಬ್ಬಾಸ್ ಹೇಳಿ. ಅದಾದ ಮೇಲೆ ಆ ಠಾಣೆಯ ಬಾಗಿಲಲ್ಲಿ ಬೇರೆ ಯಾರೂ ನುಗ್ಗುವುದಿಲ್ಲ.

ಶಾಸಕರು, ಮುಖಂಡರು ಬಂದರೆ ಕುಟುಂಬದವರು ಕೂತಿರುವ ಕಡೆ ಕರೆದೊಯ್ಯಿರಿ. ಅವರು ಬಂದಿರುವುದು ಸಮಾಧಾನ ಹೇಳಲು, ಅದಕ್ಕೆ ಒಳಕೋಣೆ ಬೇಕಿಲ್ಲ. ಮಾಧ್ಯಮದವರಿಗೆ ಹೊರವಲಯದಲ್ಲಿ ಒಂದು ಜಾಗ ತೋರಿಸಿ, ಮಾತಾಡುವ ಅಧಿಕಾರಿ ಯಾರು, ಎಷ್ಟು ಹೊತ್ತಿಗೆ ಎಂದು ಹೇಳಿ. ಅತ್ಯಾಚಾರದ ಕೇಸಾದರೆ ಸಂತ್ರಸ್ತೆಯ ಗುರುತು ಹೊರಹಾಕುವುದು ಬಿಎನ್‌ಎಸ್ ಸೆಕ್ಷನ್ 72ರ ಅಡಿ ಅಪರಾಧ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವಾದರೆ ಪೋಕ್ಸೊ ಸೆಕ್ಷನ್ 23 ಇದೆ. ಮನೆಯ ಮುಂಭಾಗ, ಶಾಲೆಯ ಹೆಸರು ತೋರಿಸಿದರೂ ಗುರುತು ಸಿಗುತ್ತದೆ. ಆದ್ದರಿಂದ ಇಂಥ ಕೇಸಿನಲ್ಲಿ ಹೊರಗಡಿಯನ್ನು ಮನೆ ಕಾಣದಷ್ಟು ದೂರ ಹಾಕಿ.

ಪೊಲೀಸರ ಮೊಬೈಲೂ ಅಷ್ಟೇ ಅಪಾಯಕಾರಿ. ಶವದ ಫೋಟೊ ವಾಟ್ಸಾಪ್ ಗ್ರೂಪಿಗೆ ಹೋದರೆ ಹತ್ತೇ ನಿಮಿಷದಲ್ಲಿ ಅದು ಟಿವಿಯಲ್ಲಿ ಇರುತ್ತದೆ. ಆಯುಧ ಯಾವುದು, ಗಾಯ ಎಲ್ಲಿ ಎಂಬುದು ಊರಿಗೆಲ್ಲ ಗೊತ್ತಾದ ಮೇಲೆ ಆರೋಪಿಗೆ ಮಾತ್ರ ಗೊತ್ತಿರಬೇಕಾದ ವಿಷಯ ಏನೂ ಉಳಿಯುವುದಿಲ್ಲ. ಫೋಟೊ, ವಿಡಿಯೊಗೆ ಒಬ್ಬರನ್ನೇ ನೇಮಿಸಿ, ಉಳಿದವರ ಫೋನು ಜೇಬಿನಲ್ಲೇ ಇರಲಿ.

ಮಾತಿಗೆ ಬಗ್ಗದೆ ನುಗ್ಗುವವರಿಗೆ ಮೊದಲು ಸ್ಪಷ್ಟವಾಗಿ ಸೂಚನೆ ಕೊಡಿ, ಅದು ವಿಡಿಯೊದಲ್ಲಿ ಬರಲಿ. ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದರೆ ಬಿಎನ್‌ಎಸ್ ಸೆಕ್ಷನ್ 221, ಹಲ್ಲೆ ಮಾಡಿದರೆ 132 ಇವೆ. ಲಾಠಿಯನ್ನು ಮೊದಲ ಉತ್ತರ ಮಾಡಿಕೊಂಡರೆ ಗಲಾಟೆಯಲ್ಲೇ ಜಾಗ ಹೋಗುತ್ತದೆ.

ಹಂತ 8: ಮಳೆ, ಪ್ರಾಣಿ, ಸಿಸಿಟಿವಿ

ಮಣ್ಣಿನಲ್ಲಿರುವ ಹೆಜ್ಜೆ ಗುರುತಿನ ಮೇಲೆ ಪ್ಲಾಸ್ಟಿಕ್ ಟಬ್ ಕವುಚಿಡಿ. ಟಾರ್ಪಾಲನ್ನು ಮೇಲೆ ಎತ್ತರದಲ್ಲಿ ಕಟ್ಟಿ, ನೆಲಕ್ಕೆ ತಾಗಬಾರದು. ಸುತ್ತ ಸಣ್ಣ ಕಾಲುವೆ ತೆಗೆದರೆ ಮಳೆ ನೀರು ಆಚೆ ಹೋಗುತ್ತದೆ, ಆದರೆ ತೆಗೆಯುವ ಮೊದಲು ಆ ಮಣ್ಣನ್ನೂ ಟಾರ್ಚ್ ಹಿಡಿದು ನೋಡಿ. ದೇಹವನ್ನು ಮನೆಯ ಬೆಡ್‌ಶೀಟಿನಿಂದ ಮುಚ್ಚಬೇಡಿ, ಅದರ ಎಳೆ, ಕೂದಲು ದೇಹಕ್ಕೆ ಅಂಟುತ್ತದೆ. ಮರೆ ಬೇಕಿದ್ದರೆ ಸುತ್ತ ಬಟ್ಟೆ ಕಟ್ಟಿ. ನಾಯಿ, ಕೋಳಿ, ಕಾಗೆಗಳನ್ನು ಓಡಿಸಲು ಒಬ್ಬರು ಬೇಕು.

ಮಳೆ ಬಂದೇ ಬಿಟ್ಟಿತು, ರಕ್ತ ತೊಳೆದು ಹೋಗುತ್ತಿದೆ ಎಂದಾದರೆ ಕಾಯಬೇಡಿ. ಅಳತೆ ಟೇಪು ಪಕ್ಕದಲ್ಲಿಟ್ಟು ಫೋಟೊ ತೆಗೆದು, ಗ್ಲೌಸ್ ಹಾಕಿಕೊಂಡು, ತಜ್ಞರಿಗೆ ಫೋನಿನಲ್ಲಿ ಕೇಳಿಕೊಂಡು ಸಂಗ್ರಹಿಸಿ. ಯಾಕೆ ಕಾಯಲಿಲ್ಲ ಎಂದು ಬರೆಯಿರಿ.

ಸಿಸಿಟಿವಿ ವಿಷಯದಲ್ಲಿ ತಡಮಾಡುವುದೇ ದೊಡ್ಡ ತಪ್ಪು. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ಬರೆಸಿಕೊಳ್ಳುತ್ತದೆ. ಅಂಗಡಿಯವರನ್ನು ಅಂದೇ ಭೇಟಿ ಮಾಡಿ. ಡಿವಿಆರ್ (ಸಿಸಿಟಿವಿ ದೃಶ್ಯ ದಾಖಲಾಗುವ ಪೆಟ್ಟಿಗೆ) ಗಡಿಯಾರ ತೋರಿಸುವ ಸಮಯ, ನಿಮ್ಮ ಫೋನಿನ ಸಮಯ ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿಯಿರಿ. ಡಿವಿಆರ್ ಆರಿಸಬೇಡಿ, ಪಾಸ್‌ವರ್ಡ್ ಹಾಕಿ ನೋಡಬೇಡಿ. ದೃಶ್ಯದ ನಕಲು ತೆಗೆದಾಗ ಸಾಕ್ಷ್ಯ ಅಧಿನಿಯಮ ಸೆಕ್ಷನ್ 63(4)ರ ಪ್ರಮಾಣಪತ್ರ, ಹ್ಯಾಶ್ ಮೌಲ್ಯ (ಫೈಲು ಬದಲಾಗಿಲ್ಲ ಎಂದು ತೋರಿಸುವ ಗುರುತು) ಎರಡೂ ಬೇಕು. ಜಾಗದಲ್ಲಿ ಸಿಕ್ಕ ಮೊಬೈಲ್, ಲ್ಯಾಪ್‌ಟಾಪ್ ಹೇಗಿದೆಯೋ ಹಾಗೇ ಇರಲಿ, ತಜ್ಞರು ಹೇಳುವವರೆಗೆ ತೆರೆಯಬೇಡಿ, ಆರಿಸಬೇಡಿ.

ಜಾಗ ಆಗಲೇ ಕೆಟ್ಟಿದ್ದರೆ

ಹೀಗೆ ಆಗುತ್ತದೆ. ನೀವು ಹೋಗುವ ಮೊದಲೇ ನೆಲ ಒರೆಸಿರುತ್ತಾರೆ, ಚಾಕು ಯಾರೋ ಎತ್ತಿ ಮೇಜಿನ ಮೇಲೆ ಇಟ್ಟಿರುತ್ತಾರೆ. ಆಗ ಮಾಡಬಾರದ ಕೆಲಸ ಒಂದೇ: ಚಾಕುವನ್ನು ಮತ್ತೆ ಮೊದಲಿದ್ದ ಜಾಗಕ್ಕೆ ಇಡುವುದು. ವಾಪಸ್ ಇಟ್ಟರೆ ಅದು ಸುಳ್ಳು ದೃಶ್ಯ, ಫೋಟೊದಲ್ಲೂ ಸುಳ್ಳೇ ಬರುತ್ತದೆ. ಇದ್ದ ಕಡೆಯೇ ಫೋಟೊ ತೆಗೆಯಿರಿ, ಯಾರು ಎತ್ತಿದರು, ಎಲ್ಲಿಂದ ಎಂದು ಅವರ ಹೇಳಿಕೆ ಬರೆಯಿರಿ.

ಒರೆಸಿದ ನೆಲದ ಮೇಲೂ ಆಸೆ ಬಿಡಬೇಡಿ. ಟೈಲ್ಸ್ ಸಂದಿ, ಹೊಸ್ತಿಲ ಬಿರುಕು, ಒರೆಸಿದ ಬಟ್ಟೆ, ಬಕೆಟ್ಟು, ನೀರು ಹರಿದ ಮೋರಿ ಇವೆಲ್ಲ ಇನ್ನೂ ಇವೆ. ಅವನ್ನೂ ಗಡಿಯೊಳಗೆ ಸೇರಿಸಿ. ನಿಮ್ಮ ಕಡೆಯಿಂದ ಏನಾದರೂ ತುಳಿದಿದ್ದರೆ, ಮುಟ್ಟಿದ್ದರೆ ಅದನ್ನೂ ಪುಸ್ತಕದಲ್ಲಿ ಬರೆಯಿರಿ. ಬರೆದ ತಪ್ಪಿಗೆ ಕೋರ್ಟಿನಲ್ಲಿ ಸಮಾಧಾನ ಕೊಡಬಹುದು. ಮುಚ್ಚಿಟ್ಟದ್ದು ಹೊರಬಂದರೆ ಉಳಿದ ಒಳ್ಳೆಯ ಕೆಲಸವನ್ನೂ ಯಾರೂ ನಂಬುವುದಿಲ್ಲ.

ಹಂತ 9: ತಜ್ಞರಿಗೆ ಒಪ್ಪಿಸುವುದು

ವಿಧಿವಿಜ್ಞಾನ ಪ್ರಯೋಗಾಲಯದವರು, ಸೋಕೋ ಅಧಿಕಾರಿಗಳು (ಅಪರಾಧ ಸ್ಥಳದ ಸಾಕ್ಷ್ಯ ಸಂಗ್ರಹಿಸುವವರು), ಬೆರಳಚ್ಚು ತಜ್ಞರು, ಶ್ವಾನದಳ ಎಲ್ಲರೂ ಒಟ್ಟಿಗೆ ಬಂದರೆ ಒಟ್ಟಿಗೇ ಒಳಗೆ ಬಿಡಬೇಡಿ. ನಡುವಿನ ವಲಯದಲ್ಲಿ ನಿಲ್ಲಿಸಿ, ತನಿಖಾಧಿಕಾರಿ ಮತ್ತು ತಜ್ಞರು ಸೇರಿ ಸರದಿ ನಿರ್ಧರಿಸಲಿ. ಸಾಮಾನ್ಯವಾಗಿ ಮೊದಲು ಫೋಟೊ, ವಿಡಿಯೊ. ನಾಯಿಗೆ ವಾಸನೆ ತೋರಿಸಲು ಆರೋಪಿ ಹೊರಹೋದ ಬಾಗಿಲ ಕಡೆ ಸಾಕಾದರೆ ಒಳಗೆ ಬಿಡಬೇಕಿಲ್ಲ. ಒಂದೇ ವಸ್ತುವಿನ ಮೇಲೆ ರಕ್ತವೂ ಬೆರಳಚ್ಚೂ ಇದ್ದರೆ ಬೆರಳಚ್ಚು ಎತ್ತುವ ಪುಡಿ ಹಾಕುವ ಮೊದಲು ಇಬ್ಬರು ತಜ್ಞರೂ ಮಾತಾಡಿಕೊಳ್ಳಬೇಕು.

ಮೊದಲು ತಲುಪಿದವರೇ ತಜ್ಞರಿಗೆ ಬಾಯಿಮಾತಿನಲ್ಲಿ ಹೇಳಬೇಕು: ಏನು ಕಂಡೆ, ಯಾವ ಬಾಗಿಲು ತೆರೆದಿತ್ತು, ಲೈಟು ಉರಿಯುತ್ತಿತ್ತೇ, ಫ್ಯಾನ್ ತಿರುಗುತ್ತಿತ್ತೇ, ಏನು ಬದಲಾಗಿದೆ. ಪುಸ್ತಕವನ್ನೂ ತೋರಿಸಿ. ಒಳಗೆ ಹೋದವರ ಬೆರಳಚ್ಚು, ಶೂ ಗುರುತು ಹೋಲಿಸಲು ಬೇಕಾಗುತ್ತದೆ.

ಮಹಜರಿನ ಸಮಯದ ಶೋಧ, ಜಪ್ತಿಯ ವಿಡಿಯೊ ಬಿಎನ್‌ಎಸ್‌ಎಸ್ ಸೆಕ್ಷನ್ 105ರ ಪ್ರಕಾರ ಆಗಬೇಕು, ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮದುವೆಯಾಗಿ 7 ವರ್ಷದೊಳಗಿನ ಹೆಣ್ಣುಮಗಳ ಅನುಮಾನದ ಸಾವಾದರೆ ಶವ ಮಹಜರಿಗೆ ತಹಶೀಲ್ದಾರರು ಬರುವವರೆಗೆ ಕಾಯಬೇಕಾಗುತ್ತದೆ. ಆ ಹೊತ್ತೂ ಕಾವಲು ಸಡಿಲ ಆಗಬಾರದು. ಎರಡೂ ಕಡೆಯ ನೆಂಟರು ಸೇರುವ ಸಮಯ ಅದು. ಇಬ್ಬರನ್ನೂ ಬೇರೆ ಬೇರೆ ಕಡೆ ಕೂರಿಸಿ.

ಹಂತ 10: ಜಾಗ ಬಿಟ್ಟುಕೊಡುವುದು

ಶವ ಸಾಗಿಸಿದ ಕೂಡಲೇ ಎಲ್ಲರೂ ಜೀಪು ಹತ್ತಿಬಿಡುತ್ತಾರೆ. ಆಗ ಜಾಗ ಪೂರ್ತಿ ಅನಾಥ ಆಗುತ್ತದೆ. ಮರಣೋತ್ತರ ಪರೀಕ್ಷೆಯಲ್ಲಿ ಹೊಸ ಸಂಗತಿ ಬಂದರೆ, ಉದಾಹರಣೆಗೆ ಬಿದ್ದು ಸತ್ತದ್ದಲ್ಲ, ಹೊಡೆದದ್ದು ಎಂದು ಗೊತ್ತಾದರೆ, ಮತ್ತೆ ಹೋಗಿ ನೋಡಲು ಅಲ್ಲಿ ಏನೂ ಇರುವುದಿಲ್ಲ. ಸಾವಿನ ಕಾರಣ ಸ್ಪಷ್ಟವಿಲ್ಲದಿದ್ದರೆ ಡಾಕ್ಟರ ಮೊದಲ ಅಭಿಪ್ರಾಯ ಬರುವವರೆಗಾದರೂ ಕಾವಲು ಇರಲಿ. ಕಾವಲಿಗೆ ಜನ ಇಲ್ಲದಿದ್ದರೆ ಕೋಣೆಗೆ ಬೀಗ ಹಾಕಿ, ಪಂಚರ ಸಹಿಯ ಚೀಟಿ ಅಂಟಿಸಿ, ಅರಗಿನ ಸೀಲು ಒತ್ತಿ, ಫೋಟೊ ತೆಗೆಯಿರಿ. ಕೀ ಯಾರ ಬಳಿ ಎಂದು ಠಾಣೆಯ ಡೈರಿಯಲ್ಲಿ ಬರೆಯಿರಿ.

ಬಿಡುವ ನಿರ್ಧಾರ ತನಿಖಾಧಿಕಾರಿಯದ್ದು, ಅದು ಬರವಣಿಗೆಯಲ್ಲಿ ಇರಬೇಕು. ಬಿಡುವ ಮೊದಲು ತನಿಖಾಧಿಕಾರಿ ಮತ್ತು ತಜ್ಞರು ಒಮ್ಮೆ ಜೊತೆಯಾಗಿ ಸುತ್ತಲಿ. ಮಂಚದ ಕೆಳಗೆ, ಬಾಗಿಲ ಹಿಂದೆ, ತಾರಸಿ, ಕಸದ ಡಬ್ಬಿ ಮತ್ತೊಮ್ಮೆ ನೋಡಲಿ. ನಿಮ್ಮ ಗ್ಲೌಸ್, ಟೇಪು, ಟೀ ಕಪ್ಪು ನೀವೇ ಹೊರಗೆ ತನ್ನಿ.

ಮನೆಯವರಿಗೆ ಕೀ ಕೊಡುವಾಗ ಸಹಿ ಪಡೆಯಿರಿ. ಇನ್ನು ನೆಲ ತೊಳೆಯಬಹುದು, ದೀಪ ಹಚ್ಚಬಹುದು ಎಂದು ಬಾಯಿಬಿಟ್ಟು ಹೇಳಿ, ಪಾಪ, ಅವರು ಅದಕ್ಕೇ ಕಾದಿರುತ್ತಾರೆ. ಆಮೇಲೆ ಏನಾದರೂ ಕಣ್ಣಿಗೆ ಬಿದ್ದರೆ ಮುಟ್ಟದೆ ಫೋನ್ ಮಾಡಿ ಎಂದು ನಂಬರ್ ಕೊಡಿ. ಪುಸ್ತಕದ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು, ಮುಚ್ಚಿದ ಸಮಯ ಬರೆದು, ತನಿಖಾಧಿಕಾರಿ ಮತ್ತು ಬರೆದವರು ಇಬ್ಬರೂ ಸಹಿ ಹಾಕಿ. ಮೂಲ ಪುಸ್ತಕ ಕೇಸ್ ಫೈಲಿಗೆ ಹೋಗಲಿ, ಠಾಣೆಯಲ್ಲಿ ನಕಲು ಇರಲಿ. ದೋಷಾರೋಪ ಪಟ್ಟಿ ಸಿದ್ಧ ಮಾಡುವಾಗ ಪುಸ್ತಕ ಬರೆದವರ ಹೆಸರನ್ನು ಸಾಕ್ಷಿಗಳ ಪಟ್ಟಿಗೆ ಸೇರಿಸಿ.